ಒಂದು ಹನಿ ಸಾಕು ಅಂತಾರೆ, ಹಾಗಿದ್ರೆ ಇನ್ನೂ ತೋಳಿಂದ ಟ್ಯೂಬ್‌ಗಟ್ಟಲೆ ರಕ್ತ ತೆಗೆಯೋದ್ಯಾಕೆ? ಲ್ಯಾಬ್ ಆನ್ ಎ ಚಿಪ್ ಬಗ್ಗೆ ಗೊತ್ತಿರೋರು ಹೇಳಿ

ಕುತೂಹಲಿ_ಇನ್‌ಸ್ಟ್ರು:

ಎಲ್ಲರಿಗೂ ನಮಸ್ಕಾರ. ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದೀನಿ, ಪ್ರಾಜೆಕ್ಟ್‌ಗೆ ಲ್ಯಾಬ್ ಆನ್ ಎ ಚಿಪ್ (ಇಡೀ ಪರೀಕ್ಷೆ ಒಂದು ಪುಟ್ಟ ಚಿಪ್ ಒಳಗೇ ಮಾಡೋದು) ವಿಷಯ ತಗೋಬೇಕು ಅಂತ ಇದೆ. ಇದರ ಮೇಲೆ ಆಸಕ್ತಿ ಬರೋಕೆ ಕಾರಣ ನಮ್ಮಮ್ಮ. ಅವರಿಗೆ ಹಾರ್ಟ್ ವಾಲ್ವ್ ಬದಲಾಯಿಸಿದಾರೆ, ವಾರ್ಫರಿನ್ ಮಾತ್ರೆ ಬಿಡೋ ಹಾಗಿಲ್ಲ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟತ್ತೆ ಅಂತ ಆಗಾಗ ನೋಡ್ತಾನೇ ಇರ್ಬೇಕು. ಅದಕ್ಕೆ ಮನೇಲೇ ಒಂದು ಮೀಟರ್ ಇದೆ, ಬೆರಳು ಚುಚ್ಚಿ ಸ್ಟ್ರಿಪ್ ತುದಿಗೆ ಒಂದು ಹನಿ ತಾಗಿಸಿದ್ರೆ ಒಂದು ನಿಮಿಷದಲ್ಲಿ ಐಎನ್‌ಆರ್ ಎಷ್ಟು ಅಂತ ಬರತ್ತೆ. ಆ ಸ್ಟ್ರಿಪ್‌ಗೆ ಬೇಕಾಗೋದು ಬರೀ 8 ಮೈಕ್ರೋಲೀಟರ್ ರಕ್ತ.

ಆದ್ರೆ ಅದೇ ಅಮ್ಮನ್ನ ಪೂರ್ತಿ ಚೆಕಪ್‌ಗೆ ಕರ್ಕೊಂಡು ಹೋದ್ರೆ ನೇರಳೆ ಮುಚ್ಚಳದ್ದು, ನೀಲಿ ಮುಚ್ಚಳದ್ದು, ಹಳದಿ ಮುಚ್ಚಳದ್ದು ಅಂತ ಟ್ಯೂಬ್ ಮೇಲೆ ಟ್ಯೂಬ್ ತುಂಬಿಸ್ತಾರೆ, ಅವರ ರಕ್ತನಾಳ ಸಿಗೋದೇ ಕಷ್ಟ, ಎರಡು ಮೂರು ಕಡೆ ಚುಚ್ಚಿಸ್ಕೊಂಡು ಕೈ ನೀಲಿಗಟ್ಟತ್ತೆ, ರಿಪೋರ್ಟ್ ಬರೋದು ಸಂಜೆಗೆ ಇಲ್ಲಾ ಮಾರನೇ ದಿನ.

ಓದ್ತಾ ಹೋದ್ರೆ ಈ ಐಡಿಯಾ 30 ವರ್ಷಕ್ಕಿಂತ ಹಳೇದು ಅಂತ ಗೊತ್ತಾಯ್ತು. ಚಿಪ್ ಒಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಅದರಲ್ಲಿ ರಕ್ತ ಓಡತ್ತೆ, ರಾಸಾಯನಿಕ ಸೇರತ್ತೆ, ಸೆನ್ಸರ್ ಓದತ್ತೆ, ಅಷ್ಟೇ ಅನ್ನೋ ಥರ ಬರೀತಾರೆ. ಅಷ್ಟೇ ಆಗಿದ್ರೆ ಇಷ್ಟೊತ್ತಿಗೆ ಪ್ರತಿ ಕ್ಲಿನಿಕ್ ಟೇಬಲ್ ಮೇಲೆ ಇರ್ಬೇಕಿತ್ತಲ್ವಾ? ಎಲ್ಲಿ ಸಿಕ್ಕಾಕ್ಕೊಂಡಿದೆ ಇದು? ಚಿಪ್ ಮಾಡೋದ್ರಲ್ಲಾ, ಕೆಮಿಸ್ಟ್ರಿಯಲ್ಲಾ, ಇಲ್ಲಾ ಬೇರೆ ಎಲ್ಲೋ? ಕೆಲಸ ಮಾಡಿ ಅನುಭವ ಇರೋರು ಬಿಡಿಸಿ ಹೇಳಿದ್ರೆ ತುಂಬಾ ಉಪಕಾರ.

---

ಸೂಕ್ಷ್ಮನಾಳ:

ಒಳ್ಳೇ ಪ್ರಶ್ನೆ. ನಾನು ಮೈಕ್ರೋಫ್ಲೂಯಿಡಿಕ್ಸ್‌ನಲ್ಲೇ (ಸಣ್ಣ ಸಣ್ಣ ಕಾಲುವೆಗಳಲ್ಲಿ ದ್ರವ ಓಡಿಸೋ ತಂತ್ರ) ಕೆಲಸ ಮಾಡೋದು, ಚಿಪ್ ಡಿಸೈನ್ ಮತ್ತೆ ಟೆಸ್ಟಿಂಗ್. ನೇರವಾಗಿ ಹೇಳ್ತೀನಿ, ಸಿಕ್ಕಾಕ್ಕೊಂಡಿರೋದು ಚಿಪ್‌ನ ಮಧ್ಯಭಾಗದಲ್ಲಿ ಅಲ್ಲ, ಎರಡು ತುದಿಯಲ್ಲಿ. ಹನಿ ಒಳಗೆ ಹೋಗೋ ಕಡೆ ಒಂದು, ನಂಬರ್ ಹೊರಗೆ ಬರೋ ಕಡೆ ಇನ್ನೊಂದು. ಮಧ್ಯದ ಭಾಗ ನಿಜವಾಗ್ಲೂ ಚೆನ್ನಾಗಿ ಕೆಲಸ ಮಾಡತ್ತೆ, ಮೊದ್ಲು ಅದು ಯಾಕೆ ಅಂತ ಹೇಳ್ತೀನಿ.

ಸಣ್ಣದು ಮಾಡಿದ್ರೆ ಏನು ಲಾಭ ಅನ್ನೋದಕ್ಕೆ ಉತ್ತರ ಡಿಫ್ಯೂಷನ್. ಒಂದು ಅಣು ದ್ರವದಲ್ಲಿ ತಾನಾಗೇ ಅಲೆದಾಡ್ಕೊಂಡು ಒಂದು ದೂರ ದಾಟೋಕೆ ಹಿಡಿಯೋ ಟೈಮು ಆ ದೂರದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ. ಗ್ಲೂಕೋಸ್ ಥರದ ಸಣ್ಣ ಅಣು 1 ಸೆಂ.ಮೀ. ಸರಿಯೋಕೆ ಹತ್ತಿರ ಹತ್ತಿರ 14 ಗಂಟೆ ಬೇಕು, 100 ಮೈಕ್ರಾನ್‌ಗೆ 5 ಸೆಕೆಂಡ್ ಸಾಕು, 10 ಮೈಕ್ರಾನ್ ಆದ್ರೆ ಸೆಕೆಂಡಿನ 20ರಲ್ಲಿ ಒಂದು ಭಾಗ. ಲ್ಯಾಬ್‌ನ ಪ್ಲೇಟ್‌ನಲ್ಲಿ ಆ್ಯಂಟಿಬಾಡಿ ಗೋಡೆಗೆ ಹೋಗಿ ಅಂಟ್ಕೊಳ್ಳಲಿ ಅಂತ ಗಂಟೆಗಟ್ಟಲೆ ಇಡ್ತಾರಲ್ಲ, ಚಿಪ್‌ನ ಸಣ್ಣ ಕಾಲುವೆಯಲ್ಲಿ ಗೋಡೆ ಪಕ್ಕದಲ್ಲೇ ಇರೋದ್ರಿಂದ ಅದು ನಿಮಿಷಗಳಿಗೆ ಇಳಿಯತ್ತೆ. ವೇಗ ಬಂದಿದ್ದು ಇಲ್ಲಿಂದಲೇ.

ಇದರ ಇನ್ನೊಂದು ಮುಖ ಏನಂದ್ರೆ ಅಷ್ಟು ಸಣ್ಣ ಕಾಲುವೆಯಲ್ಲಿ ದ್ರವ ಸುಳಿ ಸುತ್ತಲ್ಲ. ರೆನಾಲ್ಡ್ಸ್ ನಂಬರ್ ನೀವು ಓದಿರ್ತೀರಿ, ಅದು ಕಡಿಮೆ ಇದ್ದಷ್ಟೂ ಹರಿವು ಸುಳಿಯಿಲ್ಲದೇ ಶಾಂತವಾಗಿರತ್ತೆ, 100 ಮೈಕ್ರಾನ್ ಕಾಲುವೆಯಲ್ಲಿ ನೀರು ಸೆಕೆಂಡಿಗೆ 1 ಮಿ.ಮೀ. ಓಡಿದ್ರೆ ಅದು 0.1 ಅಷ್ಟೇ. ಕೆಂಪು ನೀರು ನೀಲಿ ನೀರು ಪಕ್ಕಪಕ್ಕ ಬಿಟ್ರೆ ಕಲೆಯದೇ ಗೆರೆ ಎಳೆದ ಹಾಗೆ ಹೋಗ್ತಾ ಇರತ್ತೆ. ನೋಡೋಕೆ ಚಂದ, ಆದ್ರೆ ರಕ್ತಕ್ಕೆ ರಾಸಾಯನಿಕ ಕಲೆಸ್ಬೇಕು ಅಂದಾಗ ತಲೆನೋವು. 2002ರಲ್ಲಿ ಕಾಲುವೆ ತಳದಲ್ಲಿ ಓರೆಯಾಗಿ ಮೀನಿನ ಮೂಳೆ ಆಕಾರದ ಗೀರು ಕೊರೆದು ದ್ರವವನ್ನ ತಿರುಚಿ ಕಲೆಸೋ ಉಪಾಯ ಬಂತು, ಇವತ್ತಿಗೂ ಅದನ್ನ ಬಳಸ್ತೀವಿ.

ಇತಿಹಾಸ ಚಿಕ್ಕದಾಗಿ: 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಿಲಿಕಾನ್ ಬಿಲ್ಲೆ ಮೇಲೆ ಒಂದಿಡೀ ಗ್ಯಾಸ್ ಕ್ರೊಮಟೋಗ್ರಾಫ್, ಅಂದ್ರೆ ಅನಿಲಗಳ ಮಿಶ್ರಣ ಬೇರ್ಪಡಿಸಿ ಅಳೆಯೋ ಯಂತ್ರ, ಕೊರೆದಿದ್ರು. 1990ರಲ್ಲಿ ಆಂಡ್ರಿಯಾಸ್ ಮಾಂಟ್ಸ್ ಮತ್ತೆ ಜೊತೆಯವರು ಸ್ಯಾಂಪಲ್ ತಯಾರಿಯಿಂದ ಅಳತೆವರೆಗೆ ಇಡೀ ವಿಶ್ಲೇಷಣೆ ಒಂದೇ ಸಣ್ಣ ಸಾಧನದಲ್ಲಿ ಆಗ್ಬೇಕು ಅನ್ನೋ ವಿಚಾರವನ್ನ ಬರೆದು ಮುಂದಿಟ್ರು. 1992ರಲ್ಲೇ ಐ-ಸ್ಟಾಟ್ ಅನ್ನೋ ಕೈಯಲ್ಲಿ ಹಿಡಿಯೋ ರಕ್ತಪರೀಕ್ಷೆ ಯಂತ್ರ ಮಾರುಕಟ್ಟೆಗೆ ಬಂತು, ಎಮರ್ಜೆನ್ಸಿ ವಾರ್ಡ್‌ಗಳಲ್ಲಿ ಇವತ್ತಿಗೂ ಇದೆ. ಅಂದ್ರೆ "ಎಲ್ಲೂ ಬಂದೇ ಇಲ್ಲ" ಅನ್ನೋದು ಪೂರ್ತಿ ಸರಿಯಲ್ಲ, ನಿಮ್ಮಮ್ಮನ ಸ್ಟ್ರಿಪ್ ಕೂಡ ಇದೇ ಮನೆತನದ್ದೇ.

ಐ-ಸ್ಟಾಟ್ ಕಾರ್ಟ್ರಿಡ್ಜ್ (ರಕ್ತ ಹಾಕಿ ಯಂತ್ರಕ್ಕೆ ತೂರಿಸೋ ಪುಟ್ಟ ಡಬ್ಬಿ) ಒಂದು ಸಿಕ್ಕಿದ್ರೆ ದಯವಿಟ್ಟು ಬಿಚ್ಚಿ ನೋಡಿ. ಒಳಗೆ ಒಂದು ಪುಟ್ಟ ಪೊಟ್ಟಣದಲ್ಲಿ ಕ್ಯಾಲಿಬ್ರೇಶನ್ ದ್ರವ ಇರತ್ತೆ, ಅದರಲ್ಲಿ ಸೋಡಿಯಂ ಪೊಟ್ಯಾಸಿಯಂ ಎಷ್ಟಿದೆ ಅಂತ ಮೊದ್ಲೇ ಗೊತ್ತು. ಯಂತ್ರ ಆ ಪೊಟ್ಟಣ ಚುಚ್ಚಿ ಮೊದ್ಲು ಆ ದ್ರವವನ್ನ ಸೆನ್ಸರ್ ಮೇಲೆ ಹರಿಸಿ ಓದತ್ತೆ, ಆಮೇಲೆ ಗಾಳಿ ಚೀಲ ಒತ್ತಿ ಅದನ್ನ ಆಚೆ ತಳ್ಳಿ ರಕ್ತ ತರತ್ತೆ, ಎರಡೂ ಓದನ್ನ ಹೋಲಿಸಿ ನಂಬರ್ ಕೊಡತ್ತೆ. ಪ್ರತಿ ಟೆಸ್ಟ್‌ಗೂ ಹೊಸ ಕ್ಯಾಲಿಬ್ರೇಶನ್! ಇಷ್ಟೆಲ್ಲಾ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಒಳಗೆ, ಎರಡೇ ನಿಮಿಷದಲ್ಲಿ. ನನಗಂತೂ ಇದಕ್ಕಿಂತ ಅಚ್ಚುಕಟ್ಟಾದ ಡಿಸೈನ್ ಇನ್ನೊಂದು ಕಂಡಿಲ್ಲ.

ಹನಿ ಒಳಗೆ ಹೋಗೋ ತುದಿಯ ಕಷ್ಟ ಲ್ಯಾಬ್ ಕಡೆಯವರು ಯಾರಾದ್ರೂ ಹೇಳಿದ್ರೆ ಒಳ್ಳೇದು.

---

ಲ್ಯಾಬ್‌ಬೆಂಚ್:

ಹೇಳ್ತೀನ್ರಿ. ನಾನು ಆಸ್ಪತ್ರಿ ಲ್ಯಾಬ್‌ನ್ಯಾಗ ಟೆಕ್ನಿಷಿಯನ್, ರಕ್ತ ತಗಿಯೂದು ರನ್ ಮಾಡೂದು ಎರಡೂ ನಂದ ಕೆಲಸ. ಬೆರಳ ಹನಿ ಅಂದ್ರ ಎಲ್ಲಾರೂ ಅದು ರಕ್ತನ ಅಂತ ತಿಳ್ಕೋತಾರ. ಪೂರ್ತಿ ಹಂಗಲ್ರಿ. ಬೆರಳು ಚುಚ್ಚಿದಾಗ ಬರೂದು ಸಣ್ಣ ಸಣ್ಣ ನಾಳದ ರಕ್ತ, ಜೋಡಿಗೆ ಚರ್ಮದ ಜೀವಕೋಶಗಳ ಸಂದಿಯೊಳಗ ಇರೂ ನೀರು. ಮಂದಿ ಏನ್ ಮಾಡ್ತಾರ, ಹನಿ ಬರಲಿಲ್ಲ ಅಂತ ಬೆರಳು ಹಿಂಡತಾರ. ಹಿಂಡಿದಷ್ಟು ಆ ನೀರು ಜಾಸ್ತಿ ಬರ್ತೈತಿ, ಕೆಂಪು ಕಣ ಒಡೀತಾವ. ಅದಕ್ಕ ಮೊದಲನೇ ಹನಿ ಹತ್ತಿಲೆ ಒರಸಿ ಎರಡನೇದು ತಗೋರಿ ಅಂತ ಹೇಳೂದು, ಕೈ ತಣ್ಣಗ ಇದ್ರ ಮೊದಲ ಬೆಚ್ಚಗ ಮಾಡ್ರಿ ಅನ್ನೂದು.

ಕಣ ಒಡದ್ರ ಏನಾಗ್ತೈತಿ ಅಂದ್ರ ಪೊಟ್ಯಾಸಿಯಂ ನೋಡ್ರಿ. ಪ್ಲಾಸ್ಮಾದಾಗ, ಅಂದ್ರ ಕಣ ಬಿಟ್ಟು ಉಳಿಯೂ ರಕ್ತದ ನೀರಿನ್ಯಾಗ, ಅದು ಲೀಟರ್‌ಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಕೆಂಪು ಕಣದ ಒಳಗ ಅದರ 20 ಪಟ್ಟು, ಅದಕ್ಕಿಂತ ಜಾಸ್ತಿನೂ ಇರ್ತೈತಿ. ಒಂದಿಷ್ಟು ಕಣ ಒಡದ್ರೂ ಸಾಕು, 4 ಇರೂದು 6 ಅಂತ ತೋರಸ್ತೈತಿ. 6 ಅಂದ್ರ ಡಾಕ್ಟರು ಹೃದಯಕ್ಕ ಅಪಾಯ ಅಂತ ತಿಳಕೊಂಡು ಓಡಾಡ್ತಾರ. ನಮ್ಮ ದೊಡ್ಡ ಲ್ಯಾಬ್‌ನ್ಯಾಗ ಟ್ಯೂಬ್ ಸೆಂಟ್ರಿಫ್ಯೂಜ್‌ಗೆ ಹಾಕಿ ತಗದ ಕೂಡ್ಲೇ ಮ್ಯಾಲಿನ ಪ್ಲಾಸ್ಮಾ ಹುಲ್ಲುಹಳದಿ ಬಿಟ್ಟು ಗುಲಾಬಿ ಕಂಡ್ರ ಗೊತ್ತಾಗ್ತೈತಿ, ಸ್ಯಾಂಪಲ್ ಹಿಮೊಲೈಸ್ ಆಗೈತಿ (ಕೆಂಪು ಕಣ ಒಡದಾವ) ಅಂತ ಬರದು ಹೊಳ್ಳಿ ತಗೀತೀವಿ. ಕಾರ್ಟ್ರಿಡ್ಜ್ ಒಳಗ ಇಡೀ ರಕ್ತನ ಹಾಕ್ತೀರಲ್ಲ, ಅದು ಹೊರಗಿಂದ ಕೆಂಪನ ಕಾಣ್ತೈತಿ, ಕಣ ಒಡದಾವೋ ಇಲ್ಲೋ ಕಣ್ಣಿಗೆ ತಿಳಿಯೂದಿಲ್ಲ. ಇದು ಭಾಳ ದೊಡ್ಡ ಮಾತ್ರಿ, ಡಿಸೈನ್ ಮಾಡೋರು ಇದನ್ನ ಮರೀಬಾರದು.

ಇನ್ನೊಂದು. 2015ರಾಗ ಅಮೆರಿಕಾದ ರೈಸ್ ಯುನಿವರ್ಸಿಟಿಯವರು ಒಂದ ಚುಚ್ಚಿಂದ ಬಂದ ಹನಿಗಳನ್ನ ಸಾಲಾಗಿ ಒಂದೊಂದ ಅಳದು ನೋಡಿದ್ರು, ಹಿಮೊಗ್ಲೋಬಿನ್, ಬಿಳಿ ಕಣ, ಪ್ಲೇಟ್ಲೆಟ್ ಎಲ್ಲಾ. ಒಂದ ಬೆರಳು, ಒಂದ ಗಾಯ, ಆದ್ರೂ ಹನಿಯಿಂದ ಹನಿಗೆ ನಂಬರ್ ಬದಲಾಗಿದ್ವು. ತೋಳಿನ ರಕ್ತದಷ್ಟು ಸ್ಥಿರ ನಂಬರ್ ಬರಬೇಕಂದ್ರ 6ರಿಂದ 9 ಹನಿ ಸರಾಸರಿ ತಗೀಬೇಕಾತು. ಚಿಪ್ ಎಷ್ಟ ಶಾಣ್ಯಾ ಇದ್ರೂ ಹನಿನ ಬ್ಯಾರೆ ಬ್ಯಾರೆ ಇದ್ರ ಅದೇನ್ ಮಾಡ್ತೈತ್ರಿ?

ಮತ್ತ ಸ್ಟೋರೇಜ್. ಐ-ಸ್ಟಾಟ್ ಕಾರ್ಟ್ರಿಡ್ಜ್ ಫ್ರಿಜ್‌ನ್ಯಾಗ 2ರಿಂದ 8 ಡಿಗ್ರಿಗೆ ಇಡಬೇಕು. ಹೊರಗ ತಗದ್ರ ಭಾಳಷ್ಟು ಕಾರ್ಟ್ರಿಡ್ಜ್ ಎರಡು ವಾರ ಬರ್ತಾವ, ಹೊಳ್ಳಿ ಒಳಗ ಇಡೂ ಹಂಗಿಲ್ಲ, ಫ್ರಿಜ್‌ನಿಂದ ತಗದ ಕೂಡ್ಲೇ ಬಳಸೂ ಹಂಗೂ ಇಲ್ಲ, ಐದು ನಿಮಿಷ ಕೋಣೆ ಬಿಸಿಗೆ ಬರಬೇಕು. ವಾರ್ಡ್‌ನ್ಯಾಗ ರಾತ್ರಿ ಪಾಳಿ ನರ್ಸ್ ಅಕ್ಕಾರಿಗೆ ಹತ್ತು ಕೆಲಸ ಇರ್ತಾವ, ಯಾವ ಡಬ್ಬಿ ಯಾವತ್ತು ಹೊರಗ ಬಂತು ಅಂತ ತಾರೀಖ ಬರಿಯೂದ ಬಿಟ್ರ ಮುಗೀತು. ಲ್ಯಾಬ್‌ನ್ಯಾಗ ನಾವು ದಿನಾ ಮುಂಜಾನೆ ಕಂಟ್ರೋಲ್ (ನಂಬರ್ ಮೊದಲ ಗೊತ್ತಿರೂ ಸ್ಯಾಂಪಲ್) ಹಾಕಿ ಯಂತ್ರ ಸರಿ ಐತೋ ಇಲ್ಲೋ ನೋಡಿನ ಪೇಷೆಂಟ್ ಸ್ಯಾಂಪಲ್ ಮುಟ್ಟೂದು. ಆ ಶಿಸ್ತು ಹಾಸಿಗಿ ಪಕ್ಕಕ್ಕೂ ಬರಬೇಕಲ್ರಿ.

---

ಕುತೂಹಲಿ_ಇನ್‌ಸ್ಟ್ರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಗುಲಾಬಿ ಪ್ಲಾಸ್ಮಾ ವಿಷಯ ಯಾವ ಪೇಪರ್‌ನಲ್ಲೂ ನಂಗೆ ಸಿಕ್ಕಿರ್ಲಿಲ್ಲ. ಸರಿ, ಹನಿ ಸರಿಯಾಗೇ ತೆಗೆದ್ವಿ ಅಂತ ಇಟ್ಕೊಳ್ಳಿ. ಆಗ ಒಂದೇ ಹನಿಯಲ್ಲಿ ನೂರು ಟೆಸ್ಟ್ ಮಾಡೋಕೆ ಆಗತ್ತಾ? ಒಂದೆರಡು ಹನಿಯಲ್ಲೇ ನೂರಾರು ಟೆಸ್ಟ್ ಮಾಡ್ತೀವಿ ಅಂದಿದ್ದ ಅಮೆರಿಕಾದ ಥೆರಾನೋಸ್ ಕಂಪನಿದು ಮೋಸ ಅಂತ ಗೊತ್ತು, ಆದ್ರೆ ಆ ಐಡಿಯಾನೇ ಅಸಾಧ್ಯವಾ ಇಲ್ಲಾ ಅವರು ಮಾಡಿದ ರೀತಿ ತಪ್ಪಾ? ಸೆನ್ಸರ್ ಇನ್ನೂ ಸೆನ್ಸಿಟಿವ್ ಮಾಡಿದ್ರೆ ಆಗಲ್ವಾ?

---

ಸೂಕ್ಷ್ಮನಾಳ:

ಲ್ಯಾಬ್‌ಬೆಂಚ್ ಸರ್ ಬರೆದಿದ್ದನ್ನ ನಮ್ಮ ಟೀಮಿಗೂ ಕಳಿಸಿದೆ, ಅಷ್ಟು ಮುಖ್ಯ ಅದು.

ಸೆನ್ಸರ್ ಪ್ರಶ್ನೆಗೆ ಬರ್ತೀನಿ, ಇದಕ್ಕೆ ಲೆಕ್ಕ ಮಾಡಿ ನೋಡೋದೇ ಒಳ್ಳೇದು. ಗ್ಲೂಕೋಸ್ ತಗೊಳ್ಳಿ, ರಕ್ತದಲ್ಲಿ ಲೀಟರ್‌ಗೆ 5 ಮಿಲಿಮೋಲ್ ಇದ್ರೆ 1 ಮೈಕ್ರೋಲೀಟರ್‌ನಲ್ಲಿ ಎಷ್ಟು ಅಣು? 3ರ ಮುಂದೆ 15 ಸೊನ್ನೆ. ಅದಕ್ಕೇ ಗ್ಲೂಕೋಮೀಟರ್ 1 ಮೈಕ್ರೋಲೀಟರ್‌ಗಿಂತ ಕಡಿಮೆ ರಕ್ತದಲ್ಲೂ ಆರಾಮಾಗಿ ಕೆಲಸ ಮಾಡತ್ತೆ. ಈಗ ವೈರಸ್ ತಗೊಳ್ಳಿ. ಒಂದು ಎಂ.ಎಲ್.ನಲ್ಲಿ 100 ವೈರಸ್ ಕಾಪಿ ಇದೆ, ನೀವು 10 ಮೈಕ್ರೋಲೀಟರ್ ತಗೊಂಡ್ರಿ ಅಂದ್ರೆ ಸರಾಸರಿ 1 ಕಾಪಿ. ಸರಾಸರಿ 1 ಅಂದ್ರೆ ಪ್ರತಿ ಹನಿಯಲ್ಲೂ ಒಂದು ಇದ್ದೇ ಇರತ್ತೆ ಅಂತಲ್ಲ, ಪಾಯ್ಸಾನ್ ಅನ್ನೋ ಸಂಭವನೀಯತೆ ಲೆಕ್ಕದಲ್ಲಿ 100 ಸಲ ತೆಗೆದ್ರೆ ಸುಮಾರು 37 ಸಲ ಹನಿಯಲ್ಲಿ ಒಂದೂ ಇರಲ್ಲ. ಸೊನ್ನೆ! ಒಂದೇ ಒಂದು ಅಣುವನ್ನೂ ಹಿಡಿಯೋ ಸೆನ್ಸರ್ ತಂದಿಟ್ರೂ ಆ 37 ಜನಕ್ಕೆ ನೆಗೆಟಿವ್ ಅಂತಾನೇ ಬರೋದು, ಯಾಕಂದ್ರೆ ಹಿಡಿಯೋಕೆ ಅಲ್ಲಿ ಏನೂ ಇಲ್ಲ. ಎಲೆಕ್ಟ್ರಾನಿಕ್ಸ್ ಎಷ್ಟೇ ಸುಧಾರಿಸಿದ್ರೂ ಈ ಗೋಡೆ ದಾಟೋಕಾಗಲ್ಲ, ದಾರಿ ಒಂದೇ, ಜಾಸ್ತಿ ಸ್ಯಾಂಪಲ್ ತಗೋಬೇಕು.

ರಕ್ತದಲ್ಲಿ ಬ್ಯಾಕ್ಟೀರಿಯಾ ಸೋಂಕು ಆದಾಗ ಇನ್ನೂ ಕಷ್ಟ, ದೊಡ್ಡವರಲ್ಲಿ ಒಂದು ಎಂ.ಎಲ್.ಗೆ ಒಂದಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇರೋ ಕೇಸ್ ಸಾಮಾನ್ಯ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋದು) ಒಂದೊಂದು ಬಾಟಲಿಗೆ 8ರಿಂದ 10 ಎಂ.ಎಲ್. ಹಾಕೋದು ಅದಕ್ಕೇ. ಅಮ್ಮನಿಗೆ ವಾಲ್ವ್ ಇದೆ ಅಂದ್ರಿ, ಅವರಿಗೆ ಕಾರಣ ಗೊತ್ತಾಗದ ಜ್ವರ ಬಂದು ಡಾಕ್ಟರ್ ಜಾಸ್ತಿ ರಕ್ತ ಬೇಕು ಅಂದ್ರೆ ಕೊಡ್ಲೇಬೇಕು, ಅಲ್ಲಿ ಹನಿ ಸಾಕಾಗಲ್ಲ.

ಇನ್ನು ಹನಿಯನ್ನ ಹಂಚೋ ವಿಷಯ. ಬೆರಳಿಂದ ಬರೋ ಹನಿ 20-30 ಮೈಕ್ರೋಲೀಟರ್, ಅದರಲ್ಲಿ 40-45 ಪರ್ಸೆಂಟ್ ಕಣಗಳೇ, ಉಳಿದ ಪ್ಲಾಸ್ಮಾವನ್ನೂ ಫಿಲ್ಟರ್‌ನಲ್ಲಿ ಪೂರ್ತಿ ಹಿಂಡಿ ತೆಗೆಯೋಕಾಗಲ್ಲ. ಕೈಗೆ ಸಿಗೋ 8-10 ಮೈಕ್ರೋಲೀಟರ್ ನೂರು ಟೆಸ್ಟ್‌ಗೆ ಹಂಚಬೇಕಾದ್ರೆ ನೀರು ಬೆರೆಸಿ ಹಿಗ್ಗಿಸ್ಬೇಕು, ಹಿಗ್ಗಿಸಿದಷ್ಟೂ ಮೊದ್ಲೇ ಕಡಿಮೆ ಇದ್ದಿದ್ದು ಅಳತೆಗೆ ಸಿಗದಷ್ಟು ಕಡಿಮೆ ಆಗತ್ತೆ. 2003ರಲ್ಲಿ ಶುರುವಾದ ಥೆರಾನೋಸ್ ಬಗ್ಗೆ 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆದ ವರದಿಯಲ್ಲಿ ಬಂದಿದ್ದೂ ಇದೇ, ಅವರದೇ ಯಂತ್ರದಲ್ಲಿ ಮಾಡ್ತಿದ್ದಿದ್ದು ಬೆರಳೆಣಿಕೆ ಟೆಸ್ಟ್, ಉಳಿದದ್ದೆಲ್ಲ ಬೇರೆ ಕಂಪನಿಗಳ ಮಾಮೂಲಿ ಯಂತ್ರದಲ್ಲಿ, ಸಣ್ಣ ಸ್ಯಾಂಪಲ್‌ಗಳನ್ನ ಡೈಲ್ಯೂಟ್ ಮಾಡಿ. 2022ರ ಜನವರಿಯಲ್ಲಿ ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ವಂಚಿಸಿದ್ದಕ್ಕೆ ತಪ್ಪಿತಸ್ಥೆ ಅಂತ ತೀರ್ಪಾಯ್ತು. ನಂಗೆ ಜಾಸ್ತಿ ಸಂಕಟ ಆಗೋದು ಆ ರಿಪೋರ್ಟ್ ನಂಬಿ ಔಷಧಿ ಬದಲಾಯಿಸಿಕೊಂಡಿರಬಹುದಾದ ರೋಗಿಗಳನ್ನ ನೆನೆಸ್ಕೊಂಡ್ರೆ. ಅದಾದ್ಮೇಲೆ ಪ್ರಾಮಾಣಿಕವಾಗಿ ಕೆಲಸ ಮಾಡ್ತಿದ್ದ ಎಷ್ಟೋ ಗುಂಪುಗಳನ್ನೂ ಜನ ಅನುಮಾನದಿಂದ ನೋಡೋ ಹಾಗಾಯ್ತು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೇರಳವಾಗಿರೋ ವಸ್ತು ನಾಲ್ಕೈದು ಒಂದೇ ಹನಿಯಲ್ಲಿ, ಆಗತ್ತೆ, ಆಗ್ತಾ ಇದೆ. ಎಲ್ಲವೂ ಒಂದೇ ಹನಿಯಲ್ಲಿ, ಆಗಲ್ಲ.

---

ಡ್ಯೂಟಿಡಾಕ್ಟ್ರು:

ಎಮರ್ಜೆನ್ಸಿಯಲ್ಲಿ ಕೆಲಸ ಮಾಡೋಳು ನಾನು. ಚರ್ಚೆ ಓದಿ ಖುಷಿ ಆಯ್ತು, ಆದ್ರೆ ಇಲ್ಲಿವರೆಗೆ ಬರೀ ಮಿತಿಗಳ ಮಾತೇ ಜಾಸ್ತಿ ಆಯ್ತು ಅನ್ನಿಸ್ತು, ಎಲ್ಲಿ ಇದು ಜೀವ ಉಳಿಸತ್ತೆ ಅನ್ನೋದನ್ನೂ ಹೇಳ್ಬೇಕು.

ಕಿಡ್ನಿ ಫೇಲ್ಯೂರ್ ರೋಗಿ, ಡಯಾಲಿಸಿಸ್ ತಪ್ಪಿಸ್ಕೊಂಡಿದಾರೆ, ಸುಸ್ತು ಅಂತ ಬಂದಿದಾರೆ, ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎದ್ದು ನಿಂತಿದೆ, ಪೊಟ್ಯಾಸಿಯಂ ಏರಿರೋ ಸೂಚನೆ ಅದು. ದೊಡ್ಡ ಲ್ಯಾಬ್ ರಿಪೋರ್ಟ್‌ಗೆ ಒಂದು ಗಂಟೆ ಕಾಯೋದು ಅಂದ್ರೆ ಅಷ್ಟರಲ್ಲಿ ಹೃದಯ ನಿಲ್ಲಬಹುದು. ಕಾರ್ಟ್ರಿಡ್ಜ್ ಎರಡು ನಿಮಿಷದಲ್ಲಿ ಪೊಟ್ಯಾಸಿಯಂ 7.4 ಅಂದ್ರೆ ಇಸಿಜಿ ಜೊತೆ ತಾಳೆ ಆಯ್ತು, ಹೃದಯ ಕಾಪಾಡೋಕೆ ಕ್ಯಾಲ್ಸಿಯಂ ಹಾಕೋಕೆ ಯೋಚನೆ ಮಾಡ್ಬೇಕಾಗಿಲ್ಲ. ಲ್ಯಾಬ್‌ಬೆಂಚ್ ಅಣ್ಣ ಹೇಳಿದ ಹಿಮೊಲೈಸಿಸ್ ಭಯ ನಮಗೂ ಇದ್ದೇ ಇದೆ, ಅದಕ್ಕೇ ನಂಬರ್ ಒಂದನ್ನೇ ನೋಡಲ್ಲ, ರೋಗಿ ಮತ್ತೆ ಇಸಿಜಿ ಎರಡೂ ನೋಡ್ತೀವಿ, ಮೇಲೆ ಒಂದು ಟ್ಯೂಬ್ ಲ್ಯಾಬ್‌ಗೂ ಕಳಿಸ್ತೀವಿ.

ಟಿಬಿ ಇನ್ನೊಂದು ಉದಾಹರಣೆ, ನನ್ನ ಪ್ರಕಾರ ಇಡೀ ಕ್ಷೇತ್ರದ ಅತಿ ದೊಡ್ಡ ಗೆಲುವು. ಮೊದ್ಲು ಕಫವನ್ನ ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪ್‌ನಲ್ಲಿ ನೋಡೋದು, ಒಂದು ಎಂ.ಎಲ್.ನಲ್ಲಿ ಸುಮಾರು 10,000 ಬ್ಯಾಕ್ಟೀರಿಯಾ ಇದ್ರೆ ಮಾತ್ರ ಕಾಣೋದು. ಕಲ್ಚರ್ ಹಾಕಿದ್ರೆ ವಾರಗಟ್ಟಲೆ. ಜೀನ್‌ಎಕ್ಸ್‌ಪರ್ಟ್ ಅನ್ನೋ ಯಂತ್ರದ ಕಾರ್ಟ್ರಿಡ್ಜ್‌ಗೆ ಕಫ ಹಾಕಿದ್ರೆ ಅದೇ ಸೋಸಿ, ಅಲ್ಟ್ರಾಸೌಂಡ್‌ನಿಂದ ಬ್ಯಾಕ್ಟೀರಿಯಾ ಒಡೆದು, ಪಿಸಿಆರ್ ಮಾಡಿ (ಅದರ ಡಿಎನ್‌ಎಯನ್ನ ನಕಲು ಮಾಡಿ ಹೆಚ್ಚಿಸಿ) ಎರಡು ಗಂಟೆ ಒಳಗೆ ಟಿಬಿ ಇದೆಯಾ, ರಿಫಾಂಪಿಸಿನ್ ಔಷಧಿಗೆ ಬಗ್ಗತ್ತಾ ಇಲ್ವಾ ಅಂತ ಎರಡನ್ನೂ ಹೇಳತ್ತೆ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಇದನ್ನ ಶಿಫಾರಸು ಮಾಡಿತು. 2020ರಲ್ಲಿ ಟ್ರೂನ್ಯಾಟ್‌ಗೂ ಶಿಫಾರಸು ಸಿಕ್ತು, ಅದು ಸಣ್ಣ ಚಿಪ್ ಮೇಲೆ ಪಿಸಿಆರ್ ಮಾಡತ್ತೆ, ಬ್ಯಾಟರಿ ಮೇಲೂ ನಡೆಯತ್ತೆ. ಇಲ್ಲಿ ಗಮನಿಸಿ, ಸ್ಯಾಂಪಲ್ ಹನಿ ಅಲ್ಲ, ಎಂ.ಎಲ್. ಲೆಕ್ಕದಲ್ಲಿ ಕಫ. ಸೂಕ್ಷ್ಮನಾಳ ಅವರ ಪಾಯ್ಸಾನ್ ಗೋಡೆಯನ್ನ ಇವರು ದಾಟಿದ್ದು ಜಾಸ್ತಿ ಸ್ಯಾಂಪಲ್ ಒಳಗೆ ತಗೊಂಡೇ.

ಪಾಯಿಂಟ್ ಆಫ್ ಕೇರ್, ಅಂದ್ರೆ ರೋಗಿ ಪಕ್ಕದಲ್ಲೇ ಮಾಡೋ ಟೆಸ್ಟ್, ಅದರ ನಿಜವಾದ ಬೆಲೆ ನಿಮಿಷಗಳಲ್ಲಿಲ್ಲ, ರೋಗಿ ಎದುರಿಗೆ ಕೂತಿರುವಾಗಲೇ ಉತ್ತರ ಸಿಗೋದ್ರಲ್ಲಿದೆ. ನಾಳೆ ಬಂದು ರಿಪೋರ್ಟ್ ತಗೊಂಡು ಹೋಗಿ ಅಂದ್ರೆ ಎಷ್ಟೋ ಜನ ವಾಪಸ್ ಬರಲ್ಲ, ದೂರ, ಕೂಲಿ ತಪ್ಪತ್ತೆ, ಮಗು ನೋಡ್ಕೊಳ್ಳೋರಿಲ್ಲ. ಬರದೇ ಹೋದವರ ರಿಪೋರ್ಟ್ ಎಷ್ಟೇ ನಿಖರ ಇದ್ರೂ ಅವರಿಗೆ ಔಷಧಿ ಮುಟ್ಟಲ್ಲ.

ಆದ್ರೆ ನಂಬರ್ ಹೊರಗೆ ಬರೋ ತುದಿಯಲ್ಲಿ ಒಂದು ಎಚ್ಚರಿಕೆ. ಟೆಸ್ಟ್ 95 ಪರ್ಸೆಂಟ್ ಸೆನ್ಸಿಟಿವ್ (ಕಾಯಿಲೆ ಇರೋರನ್ನ ಹಿಡಿಯೋದು), 95 ಪರ್ಸೆಂಟ್ ಸ್ಪೆಸಿಫಿಕ್ (ಇಲ್ಲದವರಿಗೆ ಇಲ್ಲ ಅನ್ನೋದು) ಅಂತ ಇಟ್ಕೊಳ್ಳಿ, ಕೇಳೋಕೆ ಚೆನ್ನಾಗಿದೆ. 10,000 ಜನಕ್ಕೆ ಮಾಡಿದ್ರಿ, ಅವರಲ್ಲಿ ಕಾಯಿಲೆ ಇರೋರು 100 ಜನ. ಅದರಲ್ಲಿ 95 ಜನ ಸಿಕ್ತಾರೆ. ಕಾಯಿಲೆ ಇಲ್ಲದ 9,900 ಜನರಲ್ಲಿ 495 ಜನಕ್ಕೂ ಪಾಸಿಟಿವ್ ಅಂತ ಬರತ್ತೆ. ಅಂದ್ರೆ ಪಾಸಿಟಿವ್ ಬಂದ 590 ಜನರಲ್ಲಿ ನಿಜವಾಗಿ ಕಾಯಿಲೆ ಇರೋದು ಆರರಲ್ಲಿ ಒಬ್ಬರಿಗೆ ಮಾತ್ರ. ಲಕ್ಷಣ ಇರೋರಿಗೆ ಮಾಡಿದ್ರೆ ಅದೇ ಟೆಸ್ಟ್ ಬಹಳ ಉಪಯುಕ್ತ. ಕಂಡಕಂಡವರಿಗೆಲ್ಲ ಮಾಡಿದ್ರೆ ನೂರಾರು ಮನೆಗೆ ಸುಮ್ಮನೆ ಆತಂಕ ಹಂಚಿದ ಹಾಗೆ. ಮಲೇರಿಯಾ ಕಿಟ್‌ನಲ್ಲೂ ಇದೇ ಥರ ಒಂದು ತೊಡಕಿದೆ, ಮಲೇರಿಯಾ ರೋಗಾಣುವಿನ ಎಚ್‌ಆರ್‌ಪಿ-2 ಪ್ರೋಟೀನ್ ಹುಡುಕೋ ಕಿಟ್‌ಗಳು ಕಾಯಿಲೆ ವಾಸಿಯಾಗಿ ವಾರಗಳಾದ್ರೂ ಪಾಸಿಟಿವ್ ತೋರಿಸ್ತಾನೇ ಇರತ್ತೆ, ಆ ಪ್ರೋಟೀನ್ ರಕ್ತದಲ್ಲಿ ಅಷ್ಟು ದಿನ ಉಳಿಯತ್ತೆ. ಗೊತ್ತಿಲ್ಲದೇ ಮತ್ತೆ ಔಷಧಿ ಕೊಟ್ಟುಬಿಡ್ತಾರೆ.

ಕುತೂಹಲಿ ಅವರೇ, ಅಮ್ಮನ ಮೀಟರ್ ಬಗ್ಗೆ ಒಂದು ಮಾತು. ಮನೇಲಿ ತಾವೇ ಐಎನ್‌ಆರ್ ನೋಡ್ಕೊಳ್ಳೋರಲ್ಲಿ ರಕ್ತ ಹೆಪ್ಪುಗಟ್ಟೋ ತೊಂದ್ರೆಗಳು ಕಡಿಮೆ ಅಂತ ಅಧ್ಯಯನಗಳು ಒಟ್ಟಾರೆ ತೋರಿಸಿವೆ, ಹಾಗಾಗಿ ಬಿಡಬೇಡಿ. ಆಗಾಗ ಅದೇ ದಿನ ಲ್ಯಾಬ್‌ನಲ್ಲೂ ಮಾಡಿಸಿ ಎರಡನ್ನೂ ಹೋಲಿಸಿ ನೋಡಿ. ರಕ್ತಹೀನತೆ ಜಾಸ್ತಿ ಇದ್ರೆ ಮೀಟರ್ ನಂಬೋ ಹಾಗಿಲ್ಲ, ಅದು ನಿಮ್ಮ ಡಾಕ್ಟರ್‌ಗೆ ಗೊತ್ತಿರಲಿ.

---

ಗೆರೆ_ಎರಡು:

ಒಂದು ಆಕ್ಷೇಪ. ಮಲೇರಿಯಾ ಕಿಟ್, ಪ್ರೆಗ್ನೆನ್ಸಿ ಕಿಟ್, ಇವೆಲ್ಲ ಬರೀ ಕಾಗದದ ಪಟ್ಟಿ, ಅದನ್ನೂ ಲ್ಯಾಬ್ ಆನ್ ಎ ಚಿಪ್ ಜೊತೆ ಸೇರಿಸಿದ್ರೆ ಹೇಗೆ? ಚಿಪ್ ಅಂದ್ಮೇಲೆ ಕಾಲುವೆ, ವಾಲ್ವ್, ಪಂಪ್ ಇರ್ಬೇಕಲ್ವಾ?

---

ಸೂಕ್ಷ್ಮನಾಳ:

ಹೆಸರಿನ ಮೇಲೆ ನಂಗೆ ಹಟ ಇಲ್ಲ, ಆದ್ರೆ ಕೆಲಸ ನೋಡಿದ್ರೆ ಆ ಪಟ್ಟಿ ಮಾಡೋದು ಅದನ್ನೇ. ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ನೈಟ್ರೋಸೆಲ್ಯುಲೋಸ್ ಪಟ್ಟಿ ದ್ರವವನ್ನ ತಾನೇ ಎಳ್ಕೊಳ್ಳತ್ತೆ, ಅದೇ ಪಂಪ್. ದಾರಿಯಲ್ಲಿ ಒಣಗಿಸಿಟ್ಟ ಚಿನ್ನದ ನ್ಯಾನೋಕಣಗಳು, 40 ನ್ಯಾನೋಮೀಟರ್ ಆಸುಪಾಸಿನವು, ಮೈಮೇಲೆ ಆ್ಯಂಟಿಬಾಡಿ ಹೊತ್ಕೊಂಡಿರತ್ತೆ, ದ್ರವದ ಜೊತೆ ಹೊರಟು ಗೆರೆ ಹತ್ರ ಸಿಕ್ಕಾಕ್ಕೊಂಡ್ರೆ ಕೆಂಪು ಕಾಣತ್ತೆ. ಸ್ಯಾಂಪಲ್ ಹಾಕೋದು, ಕಲೆಯೋದು, ಬೇರ್ಪಡಿಸೋದು, ಓದೋದು, ನಾಲ್ಕೂ ಆಯ್ತು, ಕರೆಂಟ್ ಇಲ್ಲ. ಒಂದೇ ಕಡ್ಡಿಯ ಪ್ರೆಗ್ನೆನ್ಸಿ ಟೆಸ್ಟ್ 1988ರಲ್ಲೇ ಬಂದಿದ್ದು.

2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಗುಂಪು ಇದನ್ನೇ ಮುಂದಕ್ಕೆ ತಗೊಂಡು ಹೋಯ್ತು, ಕಾಗದದ ಮೇಲೆ ನೀರು ದಾಟದ ಅಂಚು ಹಾಕಿ ಕವಲೊಡೆದ ಕಾಲುವೆ ಮಾಡಿದ್ರು, ಒಂದು ಕವಲಲ್ಲಿ ಗ್ಲೂಕೋಸ್, ಇನ್ನೊಂದರಲ್ಲಿ ಪ್ರೋಟೀನ್. ಮಜಾ ಏನಂದ್ರೆ ಈ ಗುಂಪೇ ಅದಕ್ಕೂ ಮೊದ್ಲು ಸಿಲಿಕೋನ್ ರಬ್ಬರ್ ಥರದ ಪಿಡಿಎಂಎಸ್ ಚಿಪ್‌ಗಳನ್ನ ಜಗತ್ತಿನ ಲ್ಯಾಬ್‌ಗಳಿಗೆಲ್ಲ ಹಬ್ಬಿಸಿದ್ದು. ಪಂಪ್, ವಾಲ್ವ್ ಇರೋ ಚಿಪ್ ಅಂತೀರಲ್ಲ, ಅವುಗಳ ಸುತ್ತ ಸಿರಿಂಜ್ ಪಂಪ್, ಮೈಕ್ರೋಸ್ಕೋಪ್, ಕಂಪ್ಯೂಟರ್ ಎಲ್ಲ ಇಟ್ಟಾಗ ಚಿಪ್ ಲ್ಯಾಬ್ ಬಿಟ್ಟು ಆಚೆ ಬರೋದೇ ಇಲ್ಲ. ಮನೆಮನೆಗೆ ಮುಟ್ಟಿದ್ದು ಪಟ್ಟಿನೇ.

---

ಕುತೂಹಲಿ_ಇನ್‌ಸ್ಟ್ರು:

ಡಾಕ್ಟ್ರೇ, ಅಮ್ಮನ ವಿಷಯ ನೆನಪಿಟ್ಕೊಂಡು ಹೇಳಿದ್ದಕ್ಕೆ ಧನ್ಯವಾದ, ಮುಂದಿನ ಸಲ ಎರಡನ್ನೂ ಒಂದೇ ದಿನ ಮಾಡಿಸ್ತೀನಿ.

ಪ್ರಾಜೆಕ್ಟ್ ಬಗ್ಗೆ ಈಗ ಬೇರೆ ಯೋಚನೆ ಬರ್ತಿದೆ. ಹೊಸ ಸೆನ್ಸರ್ ಮಾಡೋದು ಬಿಟ್ಟು, ಹನಿ ಒಳಗೆ ಬಂದ ತಕ್ಷಣ ಅದು ಹಿಮೊಲೈಸ್ ಆಗಿದೆಯಾ ಅಂತ ಚಿಪ್ ತಾನೇ ಹೇಳೋ ಹಾಗೆ ಮಾಡಿದ್ರೆ? ಸ್ವಲ್ಪ ಪ್ಲಾಸ್ಮಾ ಸೋಸಿ ಅದರ ಬಣ್ಣ ಓದೋದು. ಇದು ಆಗೋ ಕೆಲಸನಾ? ಏನೇನು ಎಡವಟ್ಟು ಆಗಬಹುದು? ಮತ್ತೆ ಟೆಸ್ಟಿಂಗ್‌ಗೆ ಫ್ರೆಂಡ್ಸ್ ಬೆರಳು ಚುಚ್ಚಿ ರಕ್ತ ತಗೋಬಹುದಾ?

---

ಸೂಕ್ಷ್ಮನಾಳ:

ಆಗೋ ಕೆಲಸ, ಮತ್ತೆ ಬೇಕಾಗಿರೋ ಕೆಲಸ. ಹಿಮೊಗ್ಲೋಬಿನ್ 415 ನ್ಯಾನೋಮೀಟರ್ ಹತ್ರ ಬೆಳಕನ್ನ ಜೋರಾಗಿ ಹೀರತ್ತೆ, 540 ಮತ್ತೆ 575 ಹತ್ರ ಇನ್ನೆರಡು ಸಣ್ಣ ಏರು ಇದೆ. ಪ್ಲಾಸ್ಮಾದ ಸಹಜ ಹಳದಿ, ಅಂದ್ರೆ ಬಿಲಿರುಬಿನ್, 450-460 ಹತ್ರ ಹೀರತ್ತೆ, ಜಾಂಡೀಸ್ ಇರೋರಲ್ಲಿ ಅದು 415ರ ಓದನ್ನೂ ಕೆಡಿಸತ್ತೆ, ಹಾಗಾಗಿ ಒಂದೇ ಎಲ್‌ಇಡಿ ನಂಬಬೇಡಿ, ಎರಡು ಮೂರು ತರಂಗದಲ್ಲಿ ಓದಿ.

ಸೋಸೋಕೆ ಪ್ಲಾಸ್ಮಾ ಸೆಪರೇಶನ್ ಮೆಂಬ್ರೇನ್ ರೆಡಿಯಾಗೇ ಸಿಗತ್ತೆ, ಆದ್ರೆ ಹುಷಾರು, ಜೋರಾಗಿ ಎಳೆದ್ರೆ ಮೆಂಬ್ರೇನೇ ಕಣ ಒಡೆಯತ್ತೆ, ಆಗ ನಿಮ್ಮ ಚಿಪ್ಪೇ ಹಿಮೊಲೈಸಿಸ್ ಮಾಡಿ ಸ್ಯಾಂಪಲ್ ಮೇಲೆ ಹಾಕಿದ ಹಾಗಾಗತ್ತೆ. ಅದನ್ನೇ ಮೊದ್ಲು ಅಳೀರಿ, ಒಂದೇ ರಕ್ತವನ್ನ ಸೆಂಟ್ರಿಫ್ಯೂಜ್‌ನಲ್ಲೂ ಚಿಪ್‌ನಲ್ಲೂ ಬೇರ್ಪಡಿಸಿ ಹೋಲಿಸಿ. ಇದಾಗದೇ ಮುಂದಕ್ಕೆ ಹೋಗ್ಬೇಡಿ.

ಗಾಳಿ ಗುಳ್ಳೆ ನಿಮ್ಮ ದೊಡ್ಡ ಶತ್ರು. ಕಾಲುವೆಯ ಚೂಪು ಮೂಲೆಗಳಲ್ಲಿ ಕೂತ್ಕೊಂಡು ಹರಿವು ನಿಲ್ಲಿಸತ್ತೆ, ಬೆಳಕಿನ ದಾರಿಯಲ್ಲಿ ಕೂತ್ರೆ ಓದೇ ತಪ್ಪತ್ತೆ, ಮೂಲೆಗಳನ್ನ ದುಂಡಗೆ ಮಾಡಿ. ಪಿಡಿಎಂಎಸ್‌ನಲ್ಲಿ ಶುರು ಮಾಡೋದು ಸುಲಭ, ಆದ್ರೆ ಅದು ಕೆಲವು ಸಣ್ಣ ಎಣ್ಣೆಗುಣದ ಅಣುಗಳನ್ನ ಹೀರ್ಕೊಳ್ಳತ್ತೆ, ಪ್ಲಾಸ್ಮಾ ಟ್ರೀಟ್‌ಮೆಂಟ್ (ಇದು ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ ಹಾಯಿಸಿದ ಅನಿಲ) ಮಾಡಿ ನೀರು ಹಿಡಿಯೋ ಹಾಗೆ ಮಾಡಿದ ಮೇಲ್ಮೈ ದಿನಗಳಲ್ಲಿ ಮತ್ತೆ ನೀರು ತಳ್ಳೋಕೆ ಶುರು ಮಾಡತ್ತೆ. ಇವತ್ತು ಓಡಿದ ಚಿಪ್ ಮುಂದಿನ ವಾರ ಓಡದೇ ಇದ್ರೆ ಮೊದ್ಲು ಇದನ್ನ ಅನುಮಾನಿಸಿ. ಮತ್ತೆ ಬಣ್ಣದ ನೀರಲ್ಲಿ ಓಡ್ತು ಅಂತ ರಿಪೋರ್ಟ್ ಬರೆದು ಮುಗಿಸ್ಬೇಡಿ, ರಕ್ತ ನೀರಿಗಿಂತ ಮೂರು ನಾಲ್ಕು ಪಟ್ಟು ಗಟ್ಟಿ, ಹೆಪ್ಪುಗಟ್ಟತ್ತೆ, ಗೋಡೆಗೆ ಅಂಟತ್ತೆ.

---

ಲ್ಯಾಬ್‌ಬೆಂಚ್:

ಐಡಿಯಾ ಭಾಳ ಛಲೋ ಐತಿ ತಮ್ಮಾ, ಮಾಡು. ದೋಸ್ತರ ಬೆರಳು ಮಾತ್ರ ಹಂಗ ಸುಮ್ನ ಚುಚ್ಚಬ್ಯಾಡ. ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗಿ ಬೇಕು, ಕೊಡೋರ ಸಹಿ ಬೇಕು, ಹೆಪಟೈಟಿಸ್ ಬಿ ಲಸಿಕಿ ನಿನಗ ಆಗಿರಬೇಕು, ಗ್ಲೌಸ್ ಮತ್ತ ಸೂಜಿ ಹಾಕೂ ಡಬ್ಬಿ ಕಡ್ಡಾಯ. ಹತ್ತಿರದ ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ವಿಭಾಗಕ್ಕ ನಿಮ್ಮ ಗೈಡ್ ಕಡೆಯಿಂದ ಪತ್ರ ತಗೊಂಡು ಹೋಗು, ಟೆಸ್ಟ್ ಮುಗದು ಉಳದಿದ್ದು, ಹೆಸರು ತಗದ ಸ್ಯಾಂಪಲ್ ಒಪ್ಪಿಗಿ ಮ್ಯಾಲೆ ಕೊಡೂದು ಇರ್ತೈತಿ.

ಹಿಮೊಲೈಸ್ ಆದ ಸ್ಯಾಂಪಲ್ ಬೇಕಂದ್ರ ನೀನ ತಯಾರ ಮಾಡ್ಕೋಬಹುದು. ಒಂದಿಷ್ಟು ರಕ್ತ ಫ್ರೀಜರ್‌ನ್ಯಾಗ ಇಟ್ಟು ಹೊರಗ ತಗದ್ರ ಕಣ ಒಡೀತಾವ, ಅದರ ಹಿಮೊಗ್ಲೋಬಿನ್ ಅಳದು ಒಳ್ಳೆ ಪ್ಲಾಸ್ಮಾಕ್ಕ ಹಂತ ಹಂತವಾಗಿ ಸೇರಿಸು, ಡೆಸಿಲೀಟರ್‌ಗೆ 50, 100, 200, 500 ಮಿಲಿಗ್ರಾಂ ಹಿಂಗ. ಪ್ರತಿಯೊಂದ ಹಂತಕ್ಕ ನಿನ್ನ ಚಿಪ್ ಏನ್ ಓದ್ತೈತಿ ಅಂತ ಒಂದು ಗ್ರಾಫ್ ಹಾಕು. ಆ ಗ್ರಾಫ್ ಬಂದ ಮ್ಯಾಲೆ ಇಲ್ಲೇ ಹಾಕು, ನಮ್ಮ ಯಂತ್ರದ ಹಿಮೊಲೈಸಿಸ್ ಇಂಡೆಕ್ಸ್ ಜೋಡಿ ಹೋಲಿಸಿ ನೋಡೂಣು.